ಗಣಕಯಂತ್ರಕ್ಕೆ ಪಾಠ ಹೇಳಿದ ಅಧ್ಯಾಪಕಿ: ಗ್ರೇಸ್ ಹಾಪರ್

ಯಂತ್ರಯುಗದ ಇತಿಹಾಸವನ್ನು ಬರೆಯುವವರು ಯಂತ್ರಗಳನ್ನು ನಿರ್ಮಿಸಿದವರ ಹೆಸರುಗಳನ್ನು ಮೊದಲು ಹೇಳುವುದು ವಾಡಿಕೆ. ಆ ಯಂತ್ರಗಳು ಜನಸಾಮಾನ್ಯರ ಉಪಯೋಗಕ್ಕೆ ಒದಗುವಂತೆ ಮಾಡಿದವರ ಹೆಸರು ಆಮೇಲೆ ಬರುತ್ತದೆ. ಎಷ್ಟೋ ವೇಳೆ ಬರುವುದೇ ಇಲ್ಲ. ಗಣಕಯಂತ್ರದ ವಿಷಯದಲ್ಲಿ ಈ ಎರಡನೆಯ ಕಾರ್ಯವನ್ನು ಕೈಗೊಂಡವರಲ್ಲಿ ಅಮೆರಿಕದ ಗ್ರೇಸ್ ಮರ್ರೆ ಹಾಪರ್ ಅವರು ಅಗ್ರಗಣ್ಯರು. ಕಾಲೇಜಿನಲ್ಲಿ ಗಣಿತದ ಅಧ್ಯಾಪಕಿಯಾಗಿದ್ದ ಅವರು ಯುದ್ಧಕಾಲದಲ್ಲಿ ನೌಕಾದಳವನ್ನು ಸೇರಿದರು. ಯುದ್ಧಾನಂತರ ಖಾಸಗಿ ಉದ್ಯಮದಲ್ಲಿ ಒಂದು ವಿಭಾಗದ ನಿರ್ದೇಶಕರಾದರು. ಮರಳಿ ಸರ್ಕಾರದ ಸೇವೆಗೆ ಬಂದು, ಎಂಬತ್ತರ ಹೊಸ್ತಿಲಲ್ಲಿ ರಿಯರ್ ಅಡ್ಮಿರಲ್ ಪದವಿಯಿಂದ ನಿವೃತ್ತರಾದರು. ಈ ಎಲ್ಲ ಕ್ಷೇತ್ರಗಳಲ್ಲಿಯೂ ಅವರು ಮಾಡಿದ್ದು ವಸ್ತುತಃ ಒಂದೇ ಕೆಲಸ: ಕಠಿಣವಾದುದನ್ನು ತಿಳಿಯುವ ಮಾತಿನಲ್ಲಿ ಹೇಳುವುದು. ಅವರು ಅಧ್ಯಾಪಕವೃತ್ತಿಯನ್ನು ಬಿಟ್ಟದ್ದು ನಿಜ; ಅಧ್ಯಾಪಕರ ಮನೋಧರ್ಮವನ್ನು ಮಾತ್ರ ಎಂದೂ ಬಿಡಲಿಲ್ಲ. ಅವರ ಸಾಧನೆಯ ಮೂಲವಿರುವುದು ಅಲ್ಲಿಯೇ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಗ್ರೇಸ್ ಅವರು 1906ನೆಯ ಇಸವಿ ಡಿಸೆಂಬರ್ 9ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ವಾಲ್ಟರ್ ಮರ್ರೆ ವಿಮಾ ವ್ಯವಹಾರದಲ್ಲಿದ್ದವರು. ತಾಯಿ ಮೇರಿ ಅವರಿಗೆ ಗಣಿತದಲ್ಲಿ ವಿಶೇಷ ಆಸಕ್ತಿಯಿತ್ತು. ಆದರೆ ಆ ಕಾಲದ ಹೆಣ್ಣುಮಕ್ಕಳಿಗೆ ಉನ್ನತ ಗಣಿತಾಭ್ಯಾಸ ಸುಲಭಸಾಧ್ಯವಾಗಿರಲಿಲ್ಲ. ಗಂಡುಮಕ್ಕಳಿಗೆ ದೊರೆಯುವ ವಿದ್ಯೆಯೇ ಹೆಣ್ಣುಮಕ್ಕಳಿಗೂ ದೊರೆಯಬೇಕೆಂಬುದು ತಂದೆಯ ದೃಢ ಅಭಿಪ್ರಾಯವಾಗಿತ್ತು. ಏಳು ವರ್ಷದ ಬಾಲಕಿ ಗ್ರೇಸ್ ಗಡಿಯಾರ ಹೇಗೆ ನಡೆಯುತ್ತದೆಂದು ತಿಳಿಯಲು ಮನೆಯಲ್ಲಿದ್ದ ಏಳು ಅಲಾರಂ ಗಡಿಯಾರಗಳನ್ನೂ ಬಿಚ್ಚಿಹಾಕಿದಳಂತೆ. ತಾಯಿ ಆಕೆಯನ್ನು ದಂಡಿಸಲಿಲ್ಲ. ಇನ್ನು ಮುಂದೆ ಒಂದೇ ಗಡಿಯಾರವನ್ನು ಬಿಚ್ಚಬಹುದೆಂದು ಮಿತಿ ಹಾಕಿದರು, ಅಷ್ಟೇ. ಮಗುವಿನ ಕುತೂಹಲವನ್ನು ಕೊಲ್ಲದೆ ಅದಕ್ಕೆ ಮೇರೆಯನ್ನು ತೋರಿಸಿದ ಈ ವಿವೇಕ ಶಿಕ್ಷಕರೆಲ್ಲರೂ ನೆನಪಿಡತಕ್ಕದ್ದು.

ಹದಿನಾರನೆಯ ವಯಸ್ಸಿನಲ್ಲಿ ಗ್ರೇಸ್ ವಾಸರ್ ಕಾಲೇಜಿನ ಪ್ರವೇಶಕ್ಕೆ ಪ್ರಯತ್ನಿಸಿದರು. ಲ್ಯಾಟಿನ್ ಭಾಷೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಒಂದು ವರ್ಷ ಕಾಯಬೇಕಾಯಿತು. ಮರುವರ್ಷ ಪ್ರವೇಶ ಪಡೆದು, 1928ರಲ್ಲಿ ಗಣಿತ ಮತ್ತು ಭೌತವಿಜ್ಞಾನಗಳಲ್ಲಿ ಪದವೀಧರರಾದರು. ಯೇಲ್ ವಿಶ್ವವಿದ್ಯಾಲಯದಿಂದ 1930ರಲ್ಲಿ ಸ್ನಾತಕೋತ್ತರ ಪದವಿಯನ್ನೂ, 1934ರಲ್ಲಿ ಗಣಿತದಲ್ಲಿ ಡಾಕ್ಟರೇಟನ್ನೂ ಪಡೆದರು. 1930ರಲ್ಲಿಯೇ ವಿನ್ಸೆಂಟ್ ಹಾಪರ್ ಎಂಬವರೊಡನೆ ವಿವಾಹವಾಯಿತು. ಆ ದಾಂಪತ್ಯ 1945ರಲ್ಲಿ ಕೊನೆಗೊಂಡರೂ ಹಾಪರ್ ಎಂಬ ಹೆಸರು ಅವರೊಡನೆ ಉಳಿಯಿತು.

ತಾವು ಓದಿದ ವಾಸರ್ ಕಾಲೇಜಿನಲ್ಲಿಯೇ 1931ರಲ್ಲಿ ಅವರು ಬೋಧನೆಯನ್ನು ಆರಂಭಿಸಿದರು. ಅವರ ಪಾಠಕ್ರಮದ ಒಂದು ಸಂಗತಿ ಉಲ್ಲೇಖಾರ್ಹವಾದುದು. ಗಣಿತದ ಒಂದು ಸೂತ್ರವನ್ನು ವಿವರಿಸಿ, ತರುವಾಯ ಅದರ ವಿಷಯವಾಗಿ ಪ್ರಬಂಧ ಬರೆಯುವಂತೆ ವಿದ್ಯಾರ್ಥಿನಿಯರಿಗೆ ಹೇಳುತ್ತಿದ್ದರು. ಬರಹದಲ್ಲಿ ಸ್ಪಷ್ಟತೆಯಿಲ್ಲವಾದರೆ ಹಾಳೆ ತುಂಬ ತಿದ್ದುತ್ತಿದ್ದರು. ನಾವು ಬಂದದ್ದು ಗಣಿತದ ತರಗತಿಗೆ, ಇಂಗ್ಲಿಷ್ ತರಗತಿಗಲ್ಲ ಎಂದು ವಿದ್ಯಾರ್ಥಿನಿಯರು ಪ್ರತಿಭಟಿಸುತ್ತಿದ್ದರು. ತಿಳಿದುದನ್ನು ಇನ್ನೊಬ್ಬರಿಗೆ ತಿಳಿಸಲಾಗದಿದ್ದರೆ ಗಣಿತವನ್ನು ಕಲಿತು ಪ್ರಯೋಜನವೇನು ಎಂಬುದು ಹಾಪರ್ ಅವರ ಉತ್ತರ. ಮುಂದಿನ ಐವತ್ತು ವರ್ಷಗಳ ಅವರ ಕಾರ್ಯವೆಲ್ಲ ಈ ಒಂದು ಮಾತಿನ ವಿಸ್ತಾರವೆಂದರೆ ಅತಿಶಯೋಕ್ತಿಯಾಗದು.

ನೌಕಾದಳ ಮತ್ತು ಮಾರ್ಕ್ ಒಂದು

1941ರ ಡಿಸೆಂಬರ್ ತಿಂಗಳಿನಲ್ಲಿ ಅಮೆರಿಕ ಎರಡನೆಯ ಮಹಾಯುದ್ಧವನ್ನು ಪ್ರವೇಶಿಸಿತು. ಮರುವರ್ಷ ಮಹಿಳೆಯರಿಗಾಗಿ ನೌಕಾದಳದ ಮೀಸಲು ವಿಭಾಗವೊಂದು ಸ್ಥಾಪಿತವಾಯಿತು. ಹಾಪರ್ ಅವರು ಅದನ್ನು ಸೇರಬಯಸಿದಾಗ ಅಡ್ಡಿಗಳು ಒಂದಲ್ಲ, ಮೂರು. ವಯಸ್ಸು ಹೆಚ್ಚಾಗಿತ್ತು. ತೂಕ 105 ಪೌಂಡ್ ಮಾತ್ರವಿದ್ದು, ನಿಗದಿಯಾದುದಕ್ಕಿಂತ 15 ಪೌಂಡ್ ಕಡಮೆಯಾಗಿತ್ತು. ಇದಲ್ಲದೆ, ಗಣಿತದ ಪ್ರಾಧ್ಯಾಪಕರ ಕೆಲಸವೇ ಯುದ್ಧಕಾಲದಲ್ಲಿ ಅತ್ಯಗತ್ಯವೆಂದು ಅಧಿಕಾರಿಗಳು ಭಾವಿಸಿದ್ದರು. ಪಟ್ಟುಬಿಡದೆ ವಿನಾಯಿತಿಗಳನ್ನು ಪಡೆದು 1943ರ ಡಿಸೆಂಬರ್‌ನಲ್ಲಿ ಅವರು ಪ್ರತಿಜ್ಞಾವಿಧಿ ಸ್ವೀಕರಿಸಿದರು. ತರಬೇತಿಯಲ್ಲಿ ಪ್ರಥಮ ಸ್ಥಾನ ಗಳಿಸಿದರು. 1944ರ ಜುಲೈನಲ್ಲಿ ಅವರನ್ನು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನೌಕಾದಳವು ನಡೆಸುತ್ತಿದ್ದ ಗಣನ ಯೋಜನೆಗೆ ನಿಯೋಜಿಸಲಾಯಿತು.

ಅಲ್ಲಿ ಹೊವರ್ಡ್ ಏಕನ್ ಎಂಬ ಕಟ್ಟುನಿಟ್ಟಿನ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಮಾರ್ಕ್ ಒಂದು ಎಂಬ ಯಂತ್ರ ಕೆಲಸ ಮಾಡುತ್ತಿತ್ತು. ಅದರ ಉದ್ದ 51 ಅಡಿ, ಎತ್ತರ 8 ಅಡಿ, ತೂಕ ಸುಮಾರು 5 ಟನ್. ಬಿಡಿಭಾಗಗಳು ಏಳೂವರೆ ಲಕ್ಷಕ್ಕೂ ಮಿಗಿಲು. ಸೆಕೆಂಡಿಗೆ ಮೂರು ಸಂಕಲನಗಳನ್ನು ಅದು ಮಾಡಬಲ್ಲದಾಗಿತ್ತು. ಒಂದು ಗುಣಾಕಾರಕ್ಕೆ 6 ಸೆಕೆಂಡ್, ಭಾಗಾಕಾರಕ್ಕೆ ಸುಮಾರು 15 ಸೆಕೆಂಡ್ ಹಿಡಿಯುತ್ತಿತ್ತು. ಇಂದಿನ ಮಟ್ಟಕ್ಕೆ ಇದು ಆಮೆಯ ನಡಿಗೆಯೆಂದು ತೋರಬಹುದು. ಆದರೆ ಅಂದಿಗೆ ಅದು ಅದ್ಭುತವೇ ಆಗಿತ್ತು. ಯಂತ್ರಕ್ಕೆ ಕೊಡಬೇಕಾದ ಆದೇಶಗಳನ್ನು ಕಾಗದದ ಪಟ್ಟಿಯಲ್ಲಿ ರಂಧ್ರಗಳಾಗಿ ಕೊರೆಯಬೇಕಾಗಿತ್ತು. ಒಂದು ರಂಧ್ರ ಸ್ಥಳ ತಪ್ಪಿದರೆ ಇಡೀ ಲೆಕ್ಕ ಕೆಡುತ್ತಿತ್ತು.

ಈ ಯಂತ್ರದ ಕೈಪಿಡಿಯನ್ನು ಬರೆಯಬೇಕೆಂದು ಏಕನ್ ಅವರು ಹಾಪರ್ ಅವರಿಗೆ ಆಜ್ಞಾಪಿಸಿದರು. ತಾನು ಎಂದೂ ಪುಸ್ತಕ ಬರೆದವಳಲ್ಲವೆಂದು ಹಾಪರ್ ಹೇಳಿಕೊಂಡರೂ ಬಿಡಲಿಲ್ಲ. ನೌಕಾದಳದಲ್ಲಿ ಆಜ್ಞೆಯೆಂದರೆ ಆಜ್ಞೆ. 561 ಪುಟಗಳ ಆ ಗ್ರಂಥ 1946ರಲ್ಲಿ ಪ್ರಕಟವಾಯಿತು. ಗಣಕಯಂತ್ರವೊಂದನ್ನು ನಡೆಸುವ ಬಗೆಯನ್ನು ಇಷ್ಟು ವಿಸ್ತಾರವಾಗಿ ವಿವರಿಸಿದ ಕೃತಿಗಳಲ್ಲಿ ಅದು ಅತ್ಯಂತ ಮೊದಲಿನವುಗಳ ಸಾಲಿಗೆ ಸೇರುತ್ತದೆ. ವಿದ್ಯಾರ್ಥಿನಿಯರಿಂದ ಪ್ರಬಂಧ ಬರೆಸುತ್ತಿದ್ದ ಅಧ್ಯಾಪಕಿ ಈಗ ತಾವೇ ಯಂತ್ರದ ವಿಷಯವಾಗಿ ಪ್ರಬಂಧ ಬರೆದಂತಾಯಿತು.

ಹಾಪರ್ ಅವರ ಹೆಸರಿನೊಡನೆ ಹೆಣೆದುಕೊಂಡಿರುವ ಒಂದು ಕಥೆಯನ್ನು ಇಲ್ಲಿ ಪರಿಶೀಲಿಸಬೇಕು. 1947ನೆಯ ಸೆಪ್ಟೆಂಬರ್ 9ರಂದು ಮಾರ್ಕ್ ಎರಡು ಎಂಬ ಯಂತ್ರ ನಿಂತುಹೋದಾಗ, ಅದರ ಒಂದು ರಿಲೇಯಲ್ಲಿ ಪತಂಗವೊಂದು ಸಿಕ್ಕಿಬಿದ್ದಿದ್ದುದು ಕಂಡುಬಂತು. ಅದನ್ನು ತೆಗೆದು ದಿನಚರಿಯ ಪುಸ್ತಕದಲ್ಲಿ ಅಂಟಿಸಿ, ನಿಜವಾದ ಹುಳು ಸಿಕ್ಕಿದ ಮೊದಲ ಸಂದರ್ಭವಿದು ಎಂಬರ್ಥದ ಟಿಪ್ಪಣಿ ಬರೆಯಲಾಯಿತು. ಯಂತ್ರದೋಷಕ್ಕೆ ಬಗ್, ಅಂದರೆ ಹುಳು, ಎಂಬ ಹೆಸರನ್ನು ಹಾಪರ್ ಅವರೇ ಇಟ್ಟರೆಂದು ಹಲವರು ಬರೆದಿದ್ದಾರೆ. ಇದು ಸರಿಯಲ್ಲ. ಆ ಪದ ಎಡಿಸನ್ನನ ಕಾಲದಿಂದಲೂ ಎಂಜಿನಿಯರುಗಳ ಬಳಕೆಯಲ್ಲಿತ್ತು. ಹುಳುವನ್ನು ಹಿಡಿದವರೂ ಹಾಪರ್ ಅಲ್ಲ. ಕಥೆಯನ್ನು ಸ್ವಾರಸ್ಯವಾಗಿ ಹೇಳಿ ಜನಪ್ರಿಯಗೊಳಿಸಿದವರು ಅವರು. ಇಂಥ ಕಥೆಗಳ ಮರೆಯಲ್ಲಿ ಅವರ ನಿಜವಾದ ಸಾಧನೆ ಮಸುಕಾಗಬಾರದು.

ಯಂತ್ರಕ್ಕೆ ಶಿಕ್ಷಣ

ಯುದ್ಧ ಮುಗಿದ ಮೇಲೆ ನೌಕಾದಳದ ಕಾಯಂ ಸೇವೆಗೆ ಸೇರಲು ಹಾಪರ್ ಅವರು ಅರ್ಜಿ ಸಲ್ಲಿಸಿದರು. ವಯಸ್ಸಿನ ಕಾರಣದಿಂದ ಅದು ತಿರಸ್ಕೃತವಾಯಿತು. ಮೀಸಲು ದಳದಲ್ಲಿ ಉಳಿದುಕೊಂಡು ಹಾರ್ವರ್ಡ್‌ನಲ್ಲಿ ಸಂಶೋಧನೆ ಮುಂದುವರಿಸಿದರು. 1949ರಲ್ಲಿ ಫಿಲಡೆಲ್ಫಿಯದಲ್ಲಿ ಎಕರ್ಟ್ ಮತ್ತು ಮಾಕ್ಲಿ ಎಂಬ ಇಬ್ಬರು ಸ್ಥಾಪಿಸಿದ್ದ ಚಿಕ್ಕ ಸಂಸ್ಥೆಯನ್ನು ಸೇರಿದರು. ಮರುವರ್ಷ ಅದನ್ನು ರೆಮಿಂಗ್ಟನ್ ರ್‍ಯಾಂಡ್ ಕಂಪನಿ ಕೊಂಡುಕೊಂಡಿತು. ಅಲ್ಲಿ ತಯಾರಾದ ಯೂನಿವ್ಯಾಕ್ ಯಂತ್ರ 1951ರಲ್ಲಿ ಅಮೆರಿಕದ ಜನಗಣತಿ ಇಲಾಖೆಗೆ ಸಂದಿತು.

ಯಂತ್ರಗಳ ವೇಗ ಹೆಚ್ಚಿದಂತೆ ಹೊಸದೊಂದು ತೊಡಕು ತಲೆದೋರಿತು. ಯಂತ್ರ ನಿಮಿಷಗಳಲ್ಲಿ ಮಾಡುವ ಲೆಕ್ಕಕ್ಕೆ ಆದೇಶಗಳನ್ನು ಬರೆದುಕೊಡಲು ಮನುಷ್ಯರಿಗೆ ವಾರಗಳೇ ಬೇಕಾಗುತ್ತಿದ್ದವು. ವರ್ಗಮೂಲ ತೆಗೆಯುವುದು ಮುಂತಾದ ಮತ್ತೆ ಮತ್ತೆ ಬೇಕಾಗುವ ಆದೇಶಸರಣಿಗಳನ್ನು ಬರೆಯುವವರು ನೋಟ್‌ಪುಸ್ತಕಗಳಲ್ಲಿ ಇಟ್ಟುಕೊಂಡು, ಒಬ್ಬರದನ್ನೊಬ್ಬರು ನೋಡಿ ನಕಲು ಮಾಡುತ್ತಿದ್ದರು. ಪ್ರತಿ ಸಲವೂ ಸ್ಥಾನಸಂಖ್ಯೆಗಳನ್ನು ಹೊಸದಾಗಿ ಕೂಡಿಸಿ ಬರೆಯಬೇಕು. ಕೂಡುವಾಗ ತಪ್ಪು, ನಕಲು ಮಾಡುವಾಗ ತಪ್ಪು. ಬಿ ಅಕ್ಷರವನ್ನು ಹದಿಮೂರೆಂದು ಓದುವವರೂ ಇದ್ದರು. ಕೂಡುವುದರಲ್ಲಿಯೂ ನಕಲು ಮಾಡುವುದರಲ್ಲಿಯೂ ಮನುಷ್ಯನಿಗಿಂತ ಯಂತ್ರವೇ ನಿಷ್ಣಾತವಾಗಿರುವಾಗ ಈ ಕೆಲಸವನ್ನು ಅದಕ್ಕೇ ಏಕೆ ವಹಿಸಬಾರದು? ಹಾಪರ್ ಅವರಿಗೆ ಹೊಳೆದ ಪ್ರಶ್ನೆ ಇದು.

ಪರೀಕ್ಷಿಸಿ ಸರಿಯೆಂದು ಕಂಡ ಆದೇಶಸರಣಿಗಳನ್ನು ಅಯಸ್ಕಾಂತೀಯ ಪಟ್ಟಿಯ ಮೇಲೆ ಸಂಗ್ರಹಿಸಿ, ಗ್ರಂಥಾಲಯದ ಪುಸ್ತಕಗಳಿಗೆ ಕೊಡುವಂತೆ ಒಂದೊಂದಕ್ಕೂ ಒಂದು ಕ್ರಮಾಂಕ ಕೊಡುವುದು. ಬೇಕಾದ ಕ್ರಮಾಂಕಗಳನ್ನು ಮಾತ್ರ ಬರೆದುಕೊಟ್ಟರೆ ಯಂತ್ರವೇ ಅವನ್ನು ಹುಡುಕಿ ತೆಗೆದು, ಸ್ಥಾನಗಳನ್ನು ಸರಿಪಡಿಸಿ, ಪೂರ್ಣ ಕ್ರಮವಿಧಿಯನ್ನು ಜೋಡಿಸುವುದು. ಇದು ಅವರ ಯೋಜನೆಯ ಸಾರ. ಹೀಗೆ ಸಂಕಲನ ಮಾಡುವ ವ್ಯವಸ್ಥೆಗೆ ಅವರು ಕಂಪೈಲರ್ ಎಂದು ಹೆಸರಿಟ್ಟರು. ಏ-ಸೊನ್ನೆ ಎಂಬ ಮೊದಲ ಕಂಪೈಲರ್ ಸಿದ್ಧವಾದದ್ದು 1952ರ ವೇಳೆಗೆ. ಇಂದಿನ ಅರ್ಥದಲ್ಲಿ ಅದು ಪೂರ್ಣ ಕಂಪೈಲರ್ ಅಲ್ಲವಾದರೂ ಮುಂದಿನ ಹಾದಿಯನ್ನು ತೋರಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ವಿದ್ವತ್ಸಭೆಯೊಂದರ ಮುಂದೆ ಅವರು ಮಂಡಿಸಿದ ಲೇಖನದ ಶೀರ್ಷಿಕೆ ‘ಗಣಕಯಂತ್ರದ ಶಿಕ್ಷಣ’ ಎಂಬರ್ಥದ್ದು. ಆ ಶೀರ್ಷಿಕೆ ಕೇವಲ ಅಲಂಕಾರವಲ್ಲ. ಯಂತ್ರವನ್ನು ಅವರು ಕಂಡದ್ದೇ ವಿದ್ಯಾರ್ಥಿಯಂತೆ.

ಈ ವಿಚಾರ ಒಡನೆ ಅಂಗೀಕೃತವಾಗಲಿಲ್ಲ. ಗಣಕಯಂತ್ರ ಲೆಕ್ಕ ಮಾಡಬಲ್ಲದೇ ಹೊರತು ಕ್ರಮವಿಧಿಯನ್ನು ಬರೆಯಲಾರದು ಎಂದು ತಜ್ಞರು ಹೇಳಿದರು. ಯಂತ್ರದ ಗೂಢಸಂಕೇತಗಳನ್ನು ಬಲ್ಲ ಕೆಲವರಿಗಂತೂ ಆ ವಿದ್ಯೆ ಎಲ್ಲರ ಸೊತ್ತಾಗುವುದೇ ಇಷ್ಟವಿರಲಿಲ್ಲ. ಆದರೂ 1954ರಲ್ಲಿ ಕಂಪನಿ ಹಾಪರ್ ಅವರನ್ನು ಸ್ವಯಂಚಾಲಿತ ಕ್ರಮವಿಧಿ ವಿಭಾಗದ ಪ್ರಥಮ ನಿರ್ದೇಶಕರನ್ನಾಗಿ ನೇಮಿಸಿತು.

ಭಾಷೆಯ ಪ್ರಶ್ನೆ

ಕಚೇರಿಗಳಲ್ಲಿ ವೇತನಪಟ್ಟಿ, ದಾಸ್ತಾನು, ವಿಮೆಯ ಲೆಕ್ಕ ಇವುಗಳನ್ನು ನೋಡಿಕೊಳ್ಳುವವರು ಗಣಿತಜ್ಞರಲ್ಲ. ಅವರಿಗೆ ಬೀಜಗಣಿತದ ಚಿಹ್ನೆಗಳನ್ನು ಕಲಿಸುವುದಕ್ಕಿಂತ, ಅವರು ದಿನವೂ ಬಳಸುವ ಮಾತುಗಳನ್ನೇ ಯಂತ್ರ ಗ್ರಹಿಸುವಂತೆ ಮಾಡುವುದು ಲೇಸೆಂದು ಹಾಪರ್ ಅವರು ವಾದಿಸಿದರು. ಮೂಲವೇತನಕ್ಕೆ ಭತ್ಯವನ್ನು ಕೂಡಿಸಿ ಒಟ್ಟು ವೇತನವೆಂದು ಬರೆದುಕೊ ಎಂಬಂಥ ವಾಕ್ಯವನ್ನೇ ಯಂತ್ರಕ್ಕೆ ಕೊಡುವಂತಾಗಬೇಕು. ಬರೆದವನಲ್ಲದೆ ಅವನ ಮೇಲಧಿಕಾರಿಯೂ ಅದನ್ನು ಓದಿ ತಿಳಿಯುವಂತಿರಬೇಕು. ಯಂತ್ರಕ್ಕೆ ಇಂಗ್ಲಿಷ್ ಬಾರದು ಎಂಬುದೇ ಅವರಿಗೆ ದೊರೆತ ಉತ್ತರ.

ಆ ದಶಕದ ಮಧ್ಯಭಾಗದಲ್ಲಿ, ಆಡಳಿತ ಮಂಡಲಿಯ ಮನವೊಲಿಸಲು ಅವರು ಒಂದು ಚಿಕ್ಕ ಪ್ರಾತ್ಯಕ್ಷಿಕೆಯನ್ನು ಏರ್ಪಡಿಸಿದರು. ಇಂಗ್ಲಿಷ್ ಪದಗಳಲ್ಲಿ ಬರೆದ ಚಿಕ್ಕ ಕ್ರಮವಿಧಿಯೊಂದನ್ನು ತೋರಿಸಿ, ತರುವಾಯ ಅದನ್ನೇ ಫ್ರೆಂಚ್ ಪದಗಳಲ್ಲಿಯೂ ಜರ್ಮನ್ ಪದಗಳಲ್ಲಿಯೂ ತೋರಿಸಿದರು. ಯಂತ್ರದ ಮಟ್ಟಿಗೆ ಪದವೆಂಬುದು ಗುರುತುಗಳ ಒಂದು ಜೋಡಣೆ ಮಾತ್ರ. ಯಾವ ಭಾಷೆಯ ಗುರುತಾದರೂ ಅದಕ್ಕೆ ಸಮವೇ ಎಂಬುದನ್ನು ಸ್ಪಷ್ಟಪಡಿಸುವುದು ಅವರ ಉದ್ದೇಶವಾಗಿತ್ತು. ಪರಿಣಾಮ ವಿಪರೀತವಾಯಿತು. ಅಮೆರಿಕದಲ್ಲಿ, ಅದೂ ಫಿಲಡೆಲ್ಫಿಯದಲ್ಲಿ, ತಯಾರಾದ ಯಂತ್ರಕ್ಕೆ ಫ್ರೆಂಚ್ ಅಥವಾ ಜರ್ಮನ್ ತಿಳಿಯುವುದೆಂದರೇನು ಎಂದು ಮಂಡಲಿಯವರು ದಿಗ್ಭ್ರಮೆಗೊಂಡರು. ಇಂಗ್ಲಿಷನ್ನು ಮಾತ್ರ ಬಳಸುವುದಾಗಿ ಅವರಿಗೆ ಭರವಸೆ ಕೊಟ್ಟು ಸಮಾಧಾನಪಡಿಸಬೇಕಾಯಿತೆಂದು ಹಾಪರ್ ಅವರು ಮುಂದೆ ನಗುತ್ತ ಹೇಳುತ್ತಿದ್ದರು. ಮಾತೃಭಾಷೆಯಲ್ಲಿ ವಿಜ್ಞಾನವನ್ನು ಬೋಧಿಸಿದ ಶಿಕ್ಷಕರಿಗೆ ಈ ಪ್ರಸಂಗದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡ್ಡಿಯಿದ್ದುದು ಯಂತ್ರದಲ್ಲಿ ಅಲ್ಲ. ಯಂತ್ರದ ಒಡೆಯರ ಭಾವನೆಯಲ್ಲಿ.

ಈ ಪ್ರಯತ್ನದ ಫಲವಾಗಿ ಫ್ಲೋಮ್ಯಾಟಿಕ್ ಎಂಬ ಭಾಷೆ ರೂಪುಗೊಂಡಿತು. ಅಷ್ಟರಲ್ಲಿ ಬೇರೆ ಬೇರೆ ಕಂಪನಿಗಳು ತಮ್ಮ ತಮ್ಮ ಭಾಷೆಗಳನ್ನು ರಚಿಸತೊಡಗಿದ್ದವು. ಒಂದು ಯಂತ್ರಕ್ಕೆ ಬರೆದುದು ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಯಂತ್ರ ಬದಲಾದರೆ ಬರೆದ ಕೆಲಸವೆಲ್ಲ ವ್ಯರ್ಥ. ಈ ಅಪವ್ಯಯವನ್ನು ತಡೆಯಲು 1959ರ ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಸರ್ಕಾರದ ಮತ್ತು ಕಂಪನಿಗಳ ಪ್ರತಿನಿಧಿಗಳು ಸಭೆ ಸೇರಿದರು. ಎಲ್ಲ ಯಂತ್ರಗಳಿಗೂ ಸಲ್ಲುವ ವ್ಯವಹಾರಭಾಷೆಯಾದ ಕೊಬಾಲ್ ಅಲ್ಲಿಂದ ಹುಟ್ಟಿತು. ಹಾಪರ್ ಅವರನ್ನು ಕೊಬಾಲ್‌ನ ಜನನಿಯೆಂದು ಕರೆಯುವ ರೂಢಿಯಿದೆ. ಅದನ್ನು ರಚಿಸಿದ ಸಮಿತಿಯಲ್ಲಿ ಜೀನ್ ಸ್ಯಾಮೆಟ್ ಮೊದಲಾದವರು ದುಡಿದರು. ಹಾಪರ್ ಅವರು ಸಲಹೆಗಾರರಾಗಿದ್ದರು. ಆದರೆ ಅದರ ಮುಖ್ಯ ಆಧಾರಗಳಲ್ಲೊಂದು ಫ್ಲೋಮ್ಯಾಟಿಕ್. 1960ರ ಡಿಸೆಂಬರ್‌ನಲ್ಲಿ ಬೇರೆ ಬೇರೆ ಕಂಪನಿಗಳ ಎರಡು ಯಂತ್ರಗಳ ಮೇಲೆ ಒಂದೇ ಕೊಬಾಲ್ ಕ್ರಮವಿಧಿ ಯಶಸ್ವಿಯಾಗಿ ನಡೆಯಿತು. ಬ್ಯಾಂಕು, ವಿಮೆ, ಸರ್ಕಾರಿ ಕಚೇರಿಗಳಲ್ಲಿ ಆ ಭಾಷೆ ಎಷ್ಟು ಆಳವಾಗಿ ಬೇರೂರಿತೆಂದರೆ, 2020ರ ಸಾಂಕ್ರಾಮಿಕದ ಕಾಲದಲ್ಲಿ ನಿರುದ್ಯೋಗ ಭತ್ಯದ ಅರ್ಜಿಗಳು ಹೆಚ್ಚಿದಾಗ ನ್ಯೂಜೆರ್ಸಿ ರಾಜ್ಯದ ಗವರ್ನರ್ ಕೊಬಾಲ್ ಬಲ್ಲವರ ನೆರವನ್ನು ಬಹಿರಂಗವಾಗಿ ಕೋರಬೇಕಾಯಿತು.

ಮರಳಿ ಸರ್ಕಾರದ ಸೇವೆಗೆ

1966ರ ಕೊನೆಯಲ್ಲಿ ವಯೋಮಿತಿಯ ಕಾರಣದಿಂದ ನೌಕಾದಳ ಅವರನ್ನು ಮೀಸಲು ಸೇವೆಯಿಂದ ನಿವೃತ್ತಗೊಳಿಸಿತು. ಅದು ತಮ್ಮ ಬಾಳಿನ ಅತ್ಯಂತ ದುಃಖದ ದಿನವೆಂದು ಅವರು ಹೇಳಿಕೊಂಡಿದ್ದಾರೆ. ಆದರೆ ಏಳು ತಿಂಗಳು ಕಳೆಯುವಷ್ಟರಲ್ಲಿ, 1967ರ ಆಗಸ್ಟ್‌ನಲ್ಲಿ, ಅದೇ ನೌಕಾದಳ ಅವರನ್ನು ಮರಳಿ ಕರೆಯಿತು. ಕರೆ ಬಂದದ್ದು ಆರು ತಿಂಗಳ ಅವಧಿಗೆ. ಸೇವೆ ನಡೆದದ್ದು ಹತ್ತೊಂಬತ್ತು ವರ್ಷ.

ಅಲ್ಲಿ ಅವರ ಹೊಣೆ ಕಷ್ಟದ್ದಾಗಿತ್ತು. ಕೊಬಾಲ್ ಎಂಬ ಹೆಸರು ಒಂದೇ ಆದರೂ ಒಂದೊಂದು ಕಂಪನಿಯ ಕೊಬಾಲ್ ಒಂದೊಂದು ಬಗೆಯಾಗಿತ್ತು. ಮಾರುವವನ ಮಾತನ್ನು ನಂಬಿ ಕೊಂಡುಕೊಂಡ ಸರ್ಕಾರ ಆಮೇಲೆ ಪೇಚಾಡಬೇಕಾಗಿತ್ತು. ನೌಕಾದಳದ ಕ್ರಮವಿಧಿ ಭಾಷೆಗಳ ವಿಭಾಗದ ನಿರ್ದೇಶಕರಾಗಿ ಹಾಪರ್ ಅವರು ಪರೀಕ್ಷಾ ಕ್ರಮವಿಧಿಗಳನ್ನು ಸಿದ್ಧಪಡಿಸಿದರು. ಕಂಪನಿ ಒದಗಿಸಿದ ಕಂಪೈಲರ್ ನಿಗದಿತ ನಿಯಮಗಳನ್ನು ಪಾಲಿಸುವುದೋ ಇಲ್ಲವೋ ಎಂಬುದನ್ನು ಇವು ಒರೆಹಚ್ಚಿ ತೋರಿಸುತ್ತಿದ್ದವು. ಸರ್ಕಾರದ ಇತರ ಇಲಾಖೆಗಳಿಗೂ ಇಂಥ ಪರೀಕ್ಷೆ ಮುಂದೆ ಆದರ್ಶವಾಯಿತು. ಸಾರ್ವಜನಿಕ ಹಣವನ್ನು ಕಾಯುವ ಇಂಥ ಕೆಲಸಕ್ಕೆ ಹೊಸ ಶೋಧದ ಕೀರ್ತಿ ಬರುವುದಿಲ್ಲ; ಆದರೆ ಆಡಳಿತಗಾರರ ಯೋಗ್ಯತೆ ತಿಳಿಯುವುದು ಇಲ್ಲಿಯೇ.

ಅವರ ಆಡಳಿತ ದೃಷ್ಟಿಯೂ ಗಮನಿಸತಕ್ಕದ್ದು. ವಸ್ತುಗಳನ್ನು ನಿರ್ವಹಿಸಬೇಕು, ಜನರಿಗೆ ನಾಯಕತ್ವ ನೀಡಬೇಕು. ಇವೆರಡನ್ನೂ ಒಂದೆಂದು ತಿಳಿಯಬಾರದು ಎಂದು ಅವರು ಹೇಳುತ್ತಿದ್ದರು. ಹಿಂದಿನಿಂದ ಹೀಗೆಯೇ ನಡೆದುಬಂದಿದೆ ಎಂಬ ಸಮಾಧಾನವನ್ನು ಅವರು ಒಪ್ಪುತ್ತಿರಲಿಲ್ಲ. ಅವರ ಕಚೇರಿಯ ಗಡಿಯಾರದ ಮುಳ್ಳುಗಳು ಎಡಮುಖವಾಗಿ ತಿರುಗುತ್ತಿದ್ದವು. ಆದರೂ ಅದು ತೋರಿಸುತ್ತಿದ್ದ ಸಮಯ ಸರಿಯಾಗಿಯೇ ಇತ್ತು. ದೊಡ್ಡದೊಂದು ಯಂತ್ರದ ಬದಲು ಚಿಕ್ಕ ಯಂತ್ರಗಳನ್ನು ಜೋಡಿಸಿ ಬಳಸಬೇಕೆಂದು ವಾದಿಸುವಾಗ ಅವರು ಎತ್ತುಗಳ ಉಪಮೆಯನ್ನು ಕೊಡುತ್ತಿದ್ದರು: ಮರದ ದಿಮ್ಮಿಯನ್ನು ಒಂದು ಎತ್ತು ಎಳೆಯಲಾರದಿದ್ದರೆ ರೈತ ಇನ್ನೂ ದೊಡ್ಡ ಎತ್ತನ್ನು ಬೆಳೆಸಲು ಹೋಗುವುದಿಲ್ಲ, ಜೋಡೆತ್ತು ಕಟ್ಟುತ್ತಾನೆ. ಉಪಗ್ರಹದ ಮೂಲಕ ಸಂದೇಶ ಬರಲು ತಡವೇಕೆಂದು ಸೇನಾಧಿಕಾರಿಗಳು ಕೇಳಿದರೆ, 11.8 ಅಂಗುಲದ ತಂತಿಯ ತುಂಡೊಂದನ್ನು ಕೈಗೆ ಕೊಡುತ್ತಿದ್ದರು. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಕಾಲದಲ್ಲಿ, ಅಂದರೆ ಒಂದು ನ್ಯಾನೋಸೆಕೆಂಡಿನಲ್ಲಿ, ಬೆಳಕು ಕ್ರಮಿಸುವ ಗರಿಷ್ಠ ದೂರ ಅದು. ಇಲ್ಲಿಂದ ಉಪಗ್ರಹದವರೆಗೆ ಇಂಥ ತುಂಡುಗಳು ಎಷ್ಟು ಹಿಡಿಯುತ್ತವೆಂದು ಊಹಿಸಿದರೆ ತಡದ ಕಾರಣ ತಾನಾಗಿ ತಿಳಿಯುತ್ತದೆ. ಪಾಠೋಪಕರಣವೆಂದರೆ ದುಬಾರಿಯಾಗಿರಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಸಿಗುವುದು ವಿರಳ.

ಗೌರವಗಳು ಮತ್ತು ನಿವೃತ್ತಿ

1969ರಲ್ಲಿ ಅಮೆರಿಕದ ದತ್ತಾಂಶ ನಿರ್ವಹಣಾ ವೃತ್ತಿಗಾರರ ಸಂಘ ಹಾಪರ್ ಅವರನ್ನು ವರ್ಷದ ಪುರುಷ ಎಂಬ ತನ್ನ ಪ್ರಥಮ ಪ್ರಶಸ್ತಿಯಿಂದ ಗೌರವಿಸಿತು. ಮಹಿಳೆಯೊಬ್ಬರು ಆ ಸ್ಥಾನಕ್ಕೆ ಬರಬಹುದೆಂಬ ಕಲ್ಪನೆಯೂ ಪ್ರಶಸ್ತಿಗೆ ಹೆಸರಿಟ್ಟವರಿಗೆ ಇರಲಿಲ್ಲವೆಂಬುದನ್ನು ಆ ಹೆಸರೇ ಸಾರುತ್ತದೆ. 1973ರಲ್ಲಿ ಅವರು ಕ್ಯಾಪ್ಟನ್ ಆದರು. 1983ರಲ್ಲಿ ಕಮೊಡೋರ್ ಪದವಿ ದೊರೆಯಿತು. 1985ರಲ್ಲಿ ಆ ಪದವಿಯ ಹೆಸರು ರಿಯರ್ ಅಡ್ಮಿರಲ್ ಎಂದು ಬದಲಾಯಿತು. 1986ರ ಆಗಸ್ಟ್ 14ರಂದು ಬಾಸ್ಟನ್ ಬಂದರಿನಲ್ಲಿ, ಕಾನ್‌ಸ್ಟಿಟ್ಯೂಷನ್ ಎಂಬ ಪುರಾತನ ಯುದ್ಧನೌಕೆಯ ಮೇಲೆ ಅವರ ನಿವೃತ್ತಿ ಸಮಾರಂಭ ನಡೆಯಿತು. ಆಗ ಅವರಿಗೆ 79 ವರ್ಷ. ಸಕ್ರಿಯ ಸೇವೆಯಲ್ಲಿದ್ದ ಅಧಿಕಾರಿಗಳಲ್ಲಿ ಅವರೇ ಅತ್ಯಂತ ಹಿರಿಯರು. ಅನಂತರವೂ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಸಲಹೆಗಾರರಾಗಿ ಉಪನ್ಯಾಸಗಳನ್ನು ಕೊಡುತ್ತಿದ್ದರು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರವಿಜ್ಞಾನ ಪದಕ ಲಭಿಸಿತು. 1992ರ ಜನವರಿ 1ರಂದು ನಿಧನರಾದರು. ಮರಣೋತ್ತರವಾಗಿ 2016ರಲ್ಲಿ ರಾಷ್ಟ್ರಾಧ್ಯಕ್ಷರ ಸ್ವಾತಂತ್ರ್ಯ ಪದಕ ಸಂದಿತು. ಒಂದು ಯುದ್ಧನೌಕೆಗೂ, 2017ರಲ್ಲಿ ಯೇಲ್ ವಿಶ್ವವಿದ್ಯಾಲಯದ ಒಂದು ಕಾಲೇಜಿಗೂ ಅವರ ಹೆಸರಿಡಲಾಯಿತು. ಗಣಕವಿಜ್ಞಾನದಲ್ಲಿ ದುಡಿಯುವ ಮಹಿಳೆಯರಿಗಾಗಿ ಅವರ ಹೆಸರಿನಲ್ಲಿ 1994ರಲ್ಲಿ ಆರಂಭವಾದ ಸಮ್ಮೇಳನ ಭಾರತದಲ್ಲಿಯೂ ಜರುಗಿದ್ದು, ಬೆಂಗಳೂರು ಅದಕ್ಕೆ ಆತಿಥ್ಯ ನೀಡಿದೆ.

ಕಂಪೈಲರನ್ನು ಬಿಟ್ಟರೆ ತಮ್ಮ ಜೀವನದ ಮುಖ್ಯ ಸಾಧನೆ ತರುಣರನ್ನು ತಯಾರುಮಾಡಿದುದೇ ಎಂಬುದು ಹಾಪರ್ ಅವರ ಸ್ವಂತ ನಿರ್ಣಯ. ಈ ನಿರ್ಣಯವನ್ನು ಶಿಕ್ಷಕರು ಅಭಿಮಾನದಿಂದ ಸ್ವೀಕರಿಸಬಹುದು. ದಾನಿಗಳು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿಯೂ ಒಂದಿದೆ. ಅವರು ಓದಿದ ವಾಸರ್ ಕಾಲೇಜು ಮ್ಯಾಥ್ಯೂ ವಾಸರ್ ಎಂಬ ಉದ್ಯಮಿಯ ದಾನದಿಂದ, ಹೆಣ್ಣುಮಕ್ಕಳ ಉನ್ನತ ವಿದ್ಯಾಭ್ಯಾಸಕ್ಕೆಂದೇ, 1861ರಲ್ಲಿ ಸ್ಥಾಪಿತವಾದುದು. ಗ್ರೇಸ್ ಪದವಿ ಪಡೆದದ್ದು ಅದಾಗಿ 67 ವರ್ಷಗಳ ಮೇಲೆ. ಲ್ಯಾಟಿನ್ ಪರೀಕ್ಷೆಯಲ್ಲಿ ಸೋತ ಹುಡುಗಿಗೆ ಮರುವರ್ಷ ಬಾಗಿಲು ತೆರೆದ ಆ ಕಾಲೇಜೇ ಮುಂದೆ ಆಕೆಗೆ ಬೋಧನೆಯ ಪೀಠವನ್ನೂ ಕೊಟ್ಟಿತು. ವಿದ್ಯಾಸಂಸ್ಥೆಗೆ ಕೊಟ್ಟ ದಾನ ಯಾವ ಕಾಲದಲ್ಲಿ, ಯಾರ ಮೂಲಕ ಫಲಿಸೀತೆಂದು ಕೊಟ್ಟವರಿಗೂ ತಿಳಿಯದು, ಕಲಿಸಿದವರಿಗೂ ತಿಳಿಯದು. ಆದರೆ ಫಲಿಸುವುದು ನಿಶ್ಚಯವೆಂಬುದಕ್ಕೆ ಗ್ರೇಸ್ ಹಾಪರ್ ಅವರ ಜೀವನ ಸಾಕ್ಷಿಯಾಗಿ ನಿಂತಿದೆ.